ಹನ್ನೊಂದು ಇಪ್ಪತ್ತರ ಮುಹೂರ್ತ

ಎಡವಟ್ಟಾಗಿದ್ದು ಒಂದೇ ಒಂದು ಹಾಳೆಯಿಂದ. ಆ ಹಾಳೆಯನ್ನು ಆಫೀಸಿನ ಪ್ರಿಂಟರಿಗೆ ಕಳಿಸಿ, ಅದು ಹೊರಬರುವಷ್ಟರಲ್ಲಿ ಕೈ ತೊಳೆದುಕೊಂಡು ಬರೋಣವೆಂದು ಲೆಕ್ಕಪ್ಪ ಎದ್ದುಹೋದದ್ದೇ ತಪ್ಪು.

ಲೆಕ್ಕಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ, ಸಾಫ್ಟ್‌ವೇರ್ ಕಂಪನಿಯ ಸಹೋದ್ಯೋಗಿಗಳು ಕಟ್ಟಿದ್ದು. ಯಾವ ದಿನ, ಯಾವ ಹೊತ್ತಿನಲ್ಲಿ ಬರೆದ ಕೋಡಿನಲ್ಲಿ ತಪ್ಪು ಜಾಸ್ತಿ ಎಂದು ಎಣಿಸಿ ಹೇಳುವುದು ಅಲ್ಲಿ ಅವನ ಕೆಲಸ. ಸೋಮವಾರ ಊಟವಾದ ಮೇಲೆ ಬರೆದದ್ದನ್ನು ಎರಡೆರಡು ಸಲ ನೋಡಿ ಎಂದು ಅವನು ಹೇಳಿದ ಮೇಲೆ ಗಿರಾಕಿಗಳ ಬೈಗುಳ ಅರ್ಧಕ್ಕೆ ಇಳಿದಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಈ ಪುಣ್ಯಾತ್ಮ ಸಂಜೆ ಮಗಳ ಜೊತೆ ಶಟಲ್ ಆಡುವಾಗಲೂ ನೋಟ್‌ಬುಕ್ಕು ಬಿಡುತ್ತಿರಲಿಲ್ಲ. ಮಗಳ ಸರ್ವಿಸ್ ಹತ್ತಕ್ಕೆ ಎಂಟು ಬಲೆ ದಾಟುತ್ತಿತ್ತು, ಅವನದು ಹತ್ತಕ್ಕೆ ಮೂರು. "ಬರೆಯೋದು ಬಿಟ್ಟು ಆಡಪ್ಪಾ" ಎಂದು ಮಗಳು ಗೋಗರೆದರೆ ಅದನ್ನೂ ಬರೆದುಕೊಳ್ಳುವವನು ಅವನು.

ನಾಳೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮಗಳ ಶಾಲೆಯಲ್ಲಿ ಜೋಡಿ ಪಂದ್ಯ. ಒಂದು ಮಗು, ಅದರ ಮನೆಯ ದೊಡ್ಡವರೊಬ್ಬರು ಸೇರಿ ಆಡಬೇಕು. "ಈ ಸಲ ಬಂದೇ ಬರ್ತೀನಿ" ಎಂದು ಮಾತು ಕೊಟ್ಟಿದ್ದ. ಆದರೆ ರಜ ಕೊಡಬೇಕಾದವರು ಮ್ಯಾನೇಜರು. ರಜ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಹಲ್ಲುನೋವು ಬಂದವರ ಹಾಗೆ ಮುಖ ಮಾಡುವ ಆಸಾಮಿ. ಅದಕ್ಕೇ ಲೆಕ್ಕಪ್ಪ ಮೂರು ತಿಂಗಳು ಕೂತು ಅವರ ಸಿಟ್ಟು, ನಗು, ಕಾಫಿ, ಶರ್ಟಿನ ಬಣ್ಣ ಎಲ್ಲವನ್ನೂ ಬರೆದಿಟ್ಟಿದ್ದ. ಅಳೆದೂ ಸುರಿದೂ ಸಿಕ್ಕ ಉತ್ತರ: ಗುರುವಾರ, ಎರಡನೇ ಕಾಫಿ ಮುಗಿದ ಮೇಲೆ, ಹನ್ನೊಂದು ಇಪ್ಪತ್ತರಿಂದ ಹನ್ನೊಂದು ಮೂವತ್ತೈದು. ಅವರ ಕುರ್ಚಿಯ ಹಿಂದೆ ಉದ್ದನೆಯ ಕಪ್ಪು ಚೀಲ ಇದ್ದ ದಿನವಾದರಂತೂ ಕೇಳಿದ್ದಕ್ಕೆಲ್ಲ ಹೂಂ. ಚೀಲದೊಳಗೆ ಏನಿದೆ ಎಂದು ಅವನು ಯಾರನ್ನೂ ಕೇಳಿರಲಿಲ್ಲ. ಲೆಕ್ಕಕ್ಕೆ ಅದು ಬೇಕಿರಲಿಲ್ಲ.

ಕೊನೆಯ ಸಲ ಕಣ್ಣಾಡಿಸೋಣವೆಂದು ಇವತ್ತು ಪ್ರಿಂಟರಿಗೆ ಕಳಿಸಿದ್ದು ಈ ಲೆಕ್ಕವನ್ನೇ. ಕೈ ಒರೆಸಿಕೊಂಡು ಬಂದು ನೋಡಿದರೆ ಹಾಳೆ ಟೆಸ್ಟಿಂಗ್ ಅಕ್ಕನ ಕೈಯಲ್ಲಿತ್ತು. ಎಲ್ಲರ ಕೋಡಿನಲ್ಲೂ ಹುಳುಕು ಹುಡುಕುವುದು ಆಕೆಯ ಉದ್ಯೋಗ.

"ಏನೋ ಇದು? 'ಸಾಹೇಬರ ಮೂಡು, ಮೂರು ತಿಂಗಳು'!"

"ಅಕ್ಕಾ, ಮೆಲ್ಲಗೆ! ಕೊಡಿ ಇಲ್ಲಿ."

"ಇಂಥಾ ನಿಧಿ ಇಟ್ಕೊಂಡು ಒಬ್ನೇ ನುಂಗೋಣ ಅಂತಿದ್ಯಾ? ನಾನು ತಂಗಿ ಮನೆ ಮುಖ ನೋಡಿ ಎಷ್ಟು ದಿನ ಆಯ್ತು ಗೊತ್ತಾ?"

ಎದುರು ಸೀಟಿನವನು ಕತ್ತು ಚಾಚಿದ. ಅವನಿಗೆ ಕೆರೆಗೆ ಗಾಳ ಹಾಕಿ ಕೂರುವ ಹುಚ್ಚು. "ಅಯ್ಯೋ, ಇವತ್ತು ಗುರುವಾರಾನೇ! ಚೀಲ ಇದೆಯಾ ನೋಡ್ರೋ!"

ಚೀಲ ಇತ್ತು.

ಹನ್ನೊಂದು ಹದಿನೈದಕ್ಕೆಲ್ಲ ಆರು ಜನ ಮ್ಯಾನೇಜರ ಬಾಗಿಲ ಮುಂದೆ ಸಾಲು ನಿಂತರು.

"ನೀನೂ ಬಾರೋ" ಎಂದು ಅಕ್ಕ ಕರೆದಳು.

"ಇನ್ನೂ ಐದು ನಿಮಿಷ ಇದೆ ಅಕ್ಕಾ. ಎರಡನೇ ಕಾಫಿ ಮುಗಿದಿಲ್ಲ" ಎಂದು ಲೆಕ್ಕಪ್ಪ ಕುರ್ಚಿ ಬಿಟ್ಟು ಅಲುಗಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಸರಿಯಾಗಿ ಎದ್ದು ಸಾಲಿನ ಕೊನೆಗೆ ಸೇರಿಕೊಂಡ. ಒಳಗೆ ಹೋದವರೆಲ್ಲ ಹಲ್ಲುಕಿರಿದುಕೊಂಡೇ ಹೊರಬಂದರು. "ನಿನ್ನ ಹೊಟ್ಟೆ ತಣ್ಣಗಿರಲಿ ಕಣೋ" ಎಂದು ಅಕ್ಕ ಹರಸಿದಳು. ಗಾಳದವನು ಎರಡೂ ಕೈ ಹಿಡಿದು ಕುಲುಕಿದ. ಊರಿಗೆ ಉಪಕಾರಿ ಮನೆಗೆ ಮಾರಿ ಎನ್ನುವ ಮಾತು ಲೆಕ್ಕಪ್ಪನಿಗೆ ಆಗ ಯಾಕೋ ನೆನಪಾಯಿತು. ಅವನ ಸರದಿ ಬಂದಾಗ ಹನ್ನೊಂದು ಮೂವತ್ತಮೂರು.

ಮ್ಯಾನೇಜರು ನಗುತ್ತಲೇ ಇದ್ದರು. ಲೆಕ್ಕ ಕರಾರುವಾಕ್ಕಾಗಿತ್ತು.

"ಬಾರಪ್ಪ ಬಾ. ನಿಂಗೇನು ಬೇಕು?"

"ಸಾರ್, ನಾಳೆ ಒಂದೇ ಒಂದು ದಿನ ರಜ..."

"ಛೆ, ಛೆ! ನಾಳೆ ನಮ್ಮ ಸಾಫ್ಟ್‌ವೇರಿನ ಹೊಸ ವರ್ಷನ್ ಗಿರಾಕಿಗಳಿಗೆ ಹೋಗುತ್ತಲ್ಲ, ಒಬ್ಬನಾದ್ರೂ ಕೂತು ನೋಡ್ಕೋಬೇಕು. ಬೇರೆಯವರಿಗೆಲ್ಲ ಕೊಟ್ಟುಬಿಟ್ಟೆ. ಉಳಿದಿರೋನು ನೀನೊಬ್ನೇ."

"ನೀವು ಇರ್ತೀರಲ್ಲ ಸಾರ್?"

"ನಾನೂ ರಜ!" ಎಂದು ಮ್ಯಾನೇಜರು ಕಪ್ಪು ಚೀಲ ಎತ್ತಿ, ಜಿಪ್ಪು ಎಳೆದು, ಒಳಗಿದ್ದುದನ್ನು ಹೊರತೆಗೆದರು. ಶಟಲ್ ಬ್ಯಾಟು! "ಬಿಡುವಾದ ಗುರುವಾರ ಬೆಳಿಗ್ಗೆ ಮಗನ ಜೊತೆ ಪ್ರಾಕ್ಟೀಸು. ನಾಳೆ ಅವನ ಶಾಲೇಲಿ ಜೋಡಿ ಪಂದ್ಯ. ಮೊದಲ ಆಟ ಅವನ ಕ್ಲಾಸಿನ ಒಬ್ಬ ಹುಡುಗಿ ಮೇಲೆ. ಅವಳು ಪರವಾಗಿಲ್ವಂತೆ. ಅವರಪ್ಪಂದು ಮಾತ್ರ ಹತ್ತು ಸರ್ವಿಸ್ ಹಾಕಿದ್ರೆ ಮೂರು ದಾಟುತ್ತಂತೆ! ಅದನ್ನ ಪುಸ್ತಕದಲ್ಲಿ ಬೇರೆ ಬರೆದಿಟ್ಟಿದ್ದಾನಂತೆ. ಎಂಥೆಂಥಾ ಜನ ಇರ್ತಾರೆ ನೋಡು!"

ಲೆಕ್ಕಪ್ಪ ಬ್ಯಾಟನ್ನೇ ನೋಡುತ್ತ ಹೇಳಿದ. "ಸಾರ್, ಆ ಅಪ್ಪ ನಾನೇ."

ಮ್ಯಾನೇಜರ ನಗು ನಿಂತಿತು. ರಜೆ ಅರ್ಜಿಗಳ ನಡುವೆ ಯಾರೋ ಮರೆತುಹೋಗಿದ್ದ ಹಾಳೆಯೊಂದನ್ನು ಎಳೆದು ಮೇಲಿಟ್ಟರು. ಅದೇ ಹಾಳೆ. ಅದನ್ನು ನೋಡಿದರು, ಅವನನ್ನು ನೋಡಿದರು, ಆಮೇಲೆ ಗೋಡೆಯ ಗಡಿಯಾರ ನೋಡಿದರು.

"ಹನ್ನೊಂದು ಮೂವತ್ತಾರು" ಎಂದರು. "ನಿನ್ನ ಲೆಕ್ಕದ ಪ್ರಕಾರಾನೇ ಮುಹೂರ್ತ ಮೀರಿಹೋಯ್ತಲ್ಲಪ್ಪ."

ಸಂಜೆ ಅವನ ಕಾಲು ಮನೆಯ ಕಡೆ ಹೋಗಲು ಒಪ್ಪಲಿಲ್ಲ. ಮಗಳಿಗೆ ಏನೆಂದು ಹೇಳುವುದು? ಗೇಟಿನೊಳಗೆ ಕಾಲಿಟ್ಟರೆ ಅಂಗಳದಲ್ಲಿ ಹೆಂಡತಿ, ಮಗಳು ಬೆವರಿಳಿಸಿಕೊಂಡು ಶಟಲ್ ಆಡುತ್ತಿದ್ದರು.

"ರಜ ಸಿಗ್ಲಿಲ್ಲ ಅಲ್ವಾಪ್ಪ?"

"ನಿಂಗೆ ಹೇಗೆ ಗೊತ್ತಾಯ್ತಮ್ಮ?"

"ನಿನ್ನ ನೋಟ್‌ಬುಕ್ಕಿನ ಕೊನೇ ಹಾಳೇಲಿ ನಾನೂ ಬರೀತಿದ್ದೆ. ಶಾಲೆಗೆ ಬರ್ತೀನಿ ಅಂತ ನೀನು ಹೇಳಿದ್ದು ಒಂಬತ್ತು ಸಲ. ಬಂದಿದ್ದು ಸೊನ್ನೆ. ಅದಕ್ಕೇ ಅಮ್ಮನ ಹೆಸರು ಕೊಟ್ಟುಬಿಟ್ಟಿದೀನಿ. ಅಮ್ಮಂದು ಹತ್ತಕ್ಕೆ ಒಂಬತ್ತು."

"ಮತ್ತೆ ನಂದು ಹತ್ತಕ್ಕೆ ಮೂರು ಅಂತ ನಾಳೆ ನಿನ್ನೆದುರು ಆಡೋ ಹುಡುಗನಿಗೆ ಯಾಕೆ ಹೇಳಿದೆ?"

"ನೀನೇ ಬರ್ತೀಯ ಅಂತ ಅವರು ಆರಾಮಾಗಿ ಇರ್ಲಿ ಅಂತ!" ಎಂದು ಮಗಳು ಕಿಸಕ್ಕನೆ ನಕ್ಕಳು. ಅವಳ ದನಿಯಲ್ಲಿ ಸಿಟ್ಟು ಸ್ವಲ್ಪವೂ ಇರಲಿಲ್ಲ, ಅದೇ ಅವನಿಗೆ ಚುಚ್ಚಿತು.

ಒಳಗೆ ಹೋಗಿ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದ. ಮಗಳ ಗುಂಡು ಅಕ್ಷರದಲ್ಲಿ ಎಲ್ಲವೂ ಸರಿಯಾಗಿತ್ತು, ಒಂದು ಕಡೆ ಬಿಟ್ಟು. ಲೆಕ್ಕಪ್ಪ ಪೆನ್ನು ತೆಗೆದು, 'ಬರ್ತೀನಿ ಅಂದಿದ್ದು' ಎಂಬುದರ ಮುಂದಿನ ಒಂಬತ್ತನ್ನು ಹೊಡೆದು, ಈ ಸಲದ್ದನ್ನೂ ಸೇರಿಸಿ ಪಕ್ಕದಲ್ಲಿ ಹತ್ತು ಎಂದು ಬರೆದ.