ಲೇತಿನ ಪಾಲಿನ ನಿಂಬೆಹಣ್ಣು

ಹೊಸ ಲೇತ್ ಮೆಷಿನ್ನಿನ ಪೂಜೆಗೆಂದು ಇಟ್ಟಿದ್ದ ನಿಂಬೆಹಣ್ಣನ್ನು ನಂಜುಂಡೇಶ್ ಶರಬತ್ತು ಮಾಡಿಕೊಂಡು ಕುಡಿದುಬಿಟ್ಟ. ಅರಕಲಗೂಡಿನಿಂದ ಬಸ್ಸಿನಲ್ಲಿ ನಿಂತೇ ಬಂದವನಿಗೆ ಬಾಯಾರಿತ್ತು, ಹಣ್ಣು ಕಣ್ಣೆದುರಿಗೇ ಇತ್ತು, ಪಾಪ.

ಅವನು ಡಿಪ್ಲೊಮಾ ಹುಡುಗ. ಅರ್ಧ ವಾರ ಹೊಳೆನರಸೀಪುರದ ಕಾಲೇಜಿನಲ್ಲಿ ಪಾಠ, ಇನ್ನರ್ಧ ವಾರ ಹಾಸನದ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ. ಇವತ್ತು ಕಡೆಯ ಪರೀಕ್ಷೆ. ಆ ಹೊಸ ಲೇತಿನಲ್ಲಿ ಒಂದು ಉಕ್ಕಿನ ಪಿನ್ನು ಕಡೆದುಕೊಟ್ಟರೆ ನೌಕರಿ ಖಾಯಂ, ಇಲ್ಲದಿದ್ದರೆ ಅಪ್ಪನ ಶುಂಠಿ ಹೊಲ.

ಕ್ಯಾಂಟೀನಿನ ಅನಸೂಯಮ್ಮ ಖಾಲಿ ಲೋಟ ಮೂಸಿ ನೋಡಿದಳು. "ಏನ್ಲಾ ಮಾಡ್ಬುಟ್ಟೆ! ಅದು ಮೆಷಿನ್ನಿನ ಮೊದಲ್ನೇ ಪಾಲು ಕಣ್ಲಾ."

"ಇನ್ನೊಂದು ಹಣ್ಣು ತಂದಿಡ್ತೀನಿ ಬುಡಮ್ಮ."

"ನೀನು ಎಂಜಲು ಮಾಡಿದ್ಮ್ಯಾಕೆ ಅದು ಇನ್ನೊಂದ ಮುಟ್ಟಾಕಿಲ್ಲ. ತನ್ನ ಪಾಲ ತಾನೇ ತಗತದೆ."

"ಕೈ ಉಷಾರು ಕಣ್ಲಾ," ಎಂದ ಪಕ್ಕದ ಮೆಷಿನ್ನಿನ ಶಿವರಾಜು, ತನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತ.

ಎಲ್ಲರೂ ಊಟಕ್ಕೆ ಹೋದರು. ನಂಜುಂಡೇಶ್ ಉಕ್ಕಿನ ತುಂಡನ್ನು ಲೇತಿನ ಹಲ್ಲುಗಳ ನಡುವೆ ಸಿಕ್ಕಿಸಿದ. ಗುಂಡಿ ಒತ್ತಲು ಧೈರ್ಯವಾಗದೆ ದೂರ ಹೋಗಿ ನಿಂತ. ಖಾಲಿ ಶೆಡ್ಡಿನಲ್ಲಿ ನಿಂಬೆಯ ವಾಸನೆ ಹರಡಿತು. ತನ್ನದೇ ತೇಗಿರಬೇಕೆಂದು ಬಾಯಿ ಮುಚ್ಚಿಕೊಂಡ. ವಾಸನೆ ಹೆಚ್ಚಾಯಿತು.

ಲೇತ್ ತಾನಾಗಿಯೇ ತಿರುಗತೊಡಗಿತು.

ಉಕ್ಕು ನಿಂಬೆ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಕೆಳಗೆ ಬೀಳುತ್ತಿತ್ತು. ಹೆದರಿಕೆಯಲ್ಲಿ ನಂಜುಂಡೇಶನಿಗೆ ಒಂದು ದೇವರ ಹೆಸರೂ ನೆನಪಾಗಲಿಲ್ಲ. ಗೋಡೆಯ ಮೇಲಿದ್ದ ಸುರಕ್ಷತಾ ನಿಯಮಗಳನ್ನೇ ಕಣ್ಮುಚ್ಚಿ ಜಪಿಸಿದ.

ಕಣ್ಣು ಬಿಟ್ಟರೆ ಮೆಷಿನ್ ನಿಂತಿತ್ತು, ಪಿನ್ನು ಥಳಥಳ ಅನ್ನುತ್ತಿತ್ತು. ಆಗ ನೆನಪಾಯಿತು: ಈ ಲೇತನ್ನು ಕಾಲೇಜಿನ ಲ್ಯಾಬಿನ ಕಂಪ್ಯೂಟರಿನಿಂದಲೂ ನಡೆಸಬಹುದು. ಇವತ್ತು ಅಲ್ಲಿರುವುದು ಅವನ ಕ್ಲಾಸಿನ ಯಮುನಾ. ಅವಳದೇ ಕೆಲಸ! ಹೋದ ಜೀವ ಬಂದಂತಾಯಿತು.

ಕಾಲೇಜಿನ ಲೆಕ್ಚರರ್ ಮೇಘಶ್ರೀ, ಕಾರ್ಖಾನೆಯ ಮ್ಯಾನೇಜರ್ ಷಡಕ್ಷರಿ ಬಂದು ಪಿನ್ನು ಅಳೆದರು.

"ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ! ನೀನೇ ಮಾಡಿದ್ದಾ?" ಎಂದರು ಮೇಘಶ್ರೀ.

"ನಾನೇ ಮೇಡಂ."

"ಹಾಗಾದ್ರೆ ನೌಕರಿ ಖಾಯಂ," ಷಡಕ್ಷರಿ ಬೆನ್ನು ತಟ್ಟಿದರು. "ಈ ಮೆಷಿನ್ ಇನ್ನು ನಿಂದೇ ಕಣಪ್ಪ, ಬೇರೆ ಯಾರ್ಗೂ ಮುಟ್ಟಕ್ಕೆ ಬಿಡಲ್ಲ. ನೈಟ್ ಶಿಫ್ಟ್ ಹಾಕ್ತೀನಿ. ಒಬ್ನೇ ಇರ್ತೀಯ, ಆರಾಮಾಗಿ ಕೆಲ್ಸ ಮಾಡು."

ಅವರು ಅತ್ತ ಹೋದದ್ದೇ ನಂಜುಂಡೇಶ್ ಯಮುನಾಗೆ ಫೋನ್ ಮಾಡಿದ. "ನಿನ್ನ ಉಪಕಾರ ಮರೆಯಾಕಿಲ್ಲ ಕಣೇ!"

"ಯಾವ ಉಪಕಾರ ಮಾರಾಯ? ಇಲ್ಲಿ ಬೆಳಿಗ್ಗೆಯಿಂದ ಕರೆಂಟೇ ಇಲ್ಲ. ಲ್ಯಾಬಿನ ಬೀಗಾನೇ ತೆಗ್ದಿಲ್ಲ."

ನಂಜುಂಡೇಶ್ ಮೆಲ್ಲಗೆ ತಿರುಗಿ ನೋಡಿದ. ಪಿನ್ನು ತೆಗೆದ ಮೇಲೆ ಖಾಲಿಯಾಗಿದ್ದ ಲೇತಿನ ಹಲ್ಲುಗಳು ಒಂದು ಕೈ ಹಿಡಿಸುವಷ್ಟು ಅಗಲವಾಗಿ ತೆರೆದುಕೊಳ್ಳುತ್ತಿದ್ದವು.

ಅವನು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡ.