ಅಕ್ಕನ ಮನೆಯಲ್ಲಿ ‘ಒಲ್ಲೆ’ ಅನ್ನಬೇಡಿ

ನಮ್ಮ ಅಕ್ಕನ ಮನೆಗೆ ಹಬ್ಬದೂಟಕ್ಕೆ ಹೋಗುವ ನೆಂಟರು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿಯೇ ಎರಡು ಮಿರ್ಚಿ ಭಜಿ ತಿಂದು ಹೋಗುತ್ತಾರೆ. ಅಕ್ಕ ಜಿಪುಣಿಯೇ? ಅಲ್ಲ! ಆಕೆಯ ಹೋಳಿಗೆಯ ವಾಸನೆ ಮೂರು ಓಣಿ ದಾಟುತ್ತದೆ. ತೊಂದರೆ ಬೇರೆ. ನಮ್ಮ ಕಡೆ ಊಟಕ್ಕೆ ಕುಳಿತವರು ಮರ್ಯಾದೆಗಾಗಿ ಎರಡು ಸಲ ‘ಒಲ್ಲೆ’ ಅನ್ನಬೇಕು, ಬಡಿಸುವವರು ಕೇಳಿಯೂ ಕೇಳದಂತೆ ಹಾಕಬೇಕು. ಅಕ್ಕ ಮೊದಲನೆಯ ‘ಒಲ್ಲೆ’ಗೇ ಬುಟ್ಟಿ ಎತ್ತಿಕೊಂಡು ಮುಂದಿನ ತಾಟಿಗೆ ನಡೆದುಬಿಡುತ್ತಾಳೆ!

ಆಕೆಯ ಮಗಳನ್ನು ನೋಡಲು ಸವದತ್ತಿಯಿಂದ ಬಂದವರ ಪಾಡು ಕೇಳಬೇಡಿ. ಹುಡುಗನ ತಂದೆ ತುಪ್ಪಕ್ಕೆ ‘ಸಾಕ್ರಿ’ ಅಂದರು, ಹೋಳಿಗೆಗೆ ‘ಒಲ್ಲೆರಿ’ ಅಂದರು. ಆಮೇಲೆ ಒಣ ತಾಟನ್ನು ನೋಡುತ್ತ ನನ್ನ ಕಿವಿಯಲ್ಲಿ, “ಯಜಮಾನ್ರ, ನಿಮ್ಮ ಅಕ್ಕಾರಿಗೆ ಹೆಣ್ಣು ಕೊಡೋ ಮನಸ್ಸಿಲ್ಲೇನ್ರಿ?” ಎಂದರು.

ಈ ಹುಚ್ಚನ್ನು ಆಕೆ ಶಾಲೆಗಳಿಗೂ ಒಯ್ದಳು. ಮಕ್ಕಳು ಕುಡಿತಕ್ಕೆ ಬೀಳಬಾರದೆಂದು ಹೈಸ್ಕೂಲುಗಳಿಗೆ ಹೋಗಿ ತಿಳಿಹೇಳುವ ಹೆಂಗಸರ ಗುಂಪು ಆಕೆಯದು. ಉಳಿದವರು ಲಿವರಿನ ಚಿತ್ರ ತೋರಿಸುತ್ತಾರೆ. ಅಕ್ಕ ನನ್ನನ್ನು ತೋರಿಸುತ್ತಾಳೆ!

ನನ್ನ ಕೈಯಲ್ಲಿ ಸೆರೆಯ ಬದಲು ಲಿಂಬು ಶರಬತ್ತಿನ ಗ್ಲಾಸು. “ತಗೋ, ಒಂದ ಗುಟುಕು. ಮಾಮಾನ ಮಾತು ಮೀರತೀಯೇನ?” ಎಂದು ನಾನು ಒತ್ತಾಯಿಸಬೇಕು. ಮಕ್ಕಳು ‘ಒಲ್ಲೆ’ ಅನ್ನಬೇಕು. ಅಂದ ಕೂಡಲೇ ನಾನು ಕೈ ಹಿಂದೆ ತೆಗೆಯಬೇಕು. ಚಚಡಿಯ ಶಾಲೆಯಲ್ಲಿ ಹುಡುಗಿಯೊಬ್ಬಳು ಗಟ್ಟಿಯಾಗಿ ಅಂದ ‘ಒಲ್ಲೆ’ಗೆ ಹೆಡ್ ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು!

“ಇದೇನ ನಾಟಕ ಹಚ್ಚೀದಿ ಅಕ್ಕಾ?” ಎಂದು ಒಮ್ಮೆ ಕೇಳಿದೆ.

“ಮಕ್ಕಳ ಒಲ್ಲೆ ನಾವು ತಾಟಿನ ಮುಂದ ಕೇಳೂದಿಲ್ಲ. ಅವು ಗ್ಲಾಸಿನ ಮುಂದ ಯಾವ ಬಾಯಿಲೆ ಅನ್ನಬೇಕು?” ಎಂದಳು.

ಕಿತ್ತೂರಿನಲ್ಲಿ ಎಂಟನೆಯ ಇಯತ್ತೆಯ ಹುಡುಗನೊಬ್ಬ ಗಟಗಟ ಕುಡಿದೇಬಿಟ್ಟ.

“ಯಾಕೋ, ಒಲ್ಲೆ ಅನ್ನಲಿಲ್ಲ?” ಎಂದಳು ಅಕ್ಕ.

“ಎರಡ ಸಲ ಅಂದ್ನಿರಿ. ಈ ಅಜ್ಜಾರಿಗೆ ಕೇಳಸಲೇ ಇಲ್ಲ!”

ಕ್ಲಾಸೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಖಾಲಿ ಗ್ಲಾಸನ್ನು ನಾನು ಮೇಜಿನ ಮೇಲಿಟ್ಟೆ. ಅಲ್ಲಿಯೇ, ಆ ಮಕ್ಕಳ ಮುಂದೆ, ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿದೆ.

ರಾಮದುರ್ಗದ ಒಂದು ಮದುವೆಯಲ್ಲಿ, ಹಂದರದ ಹಿಂದೆ, ಅಕ್ಕನ ಮಗನಿಗೆ ಮೊದಲ ಗ್ಲಾಸು ತುಂಬಿ ಕೊಟ್ಟವನು ನಾನು. ಆಗ ಅವನು ಒಂಬತ್ತನೆಯ ಇಯತ್ತೆ. “ಒಲ್ಲೆ ಮಾಮಾ” ಎಂದ. ಮೂರು ಸಲ ಎಂದ. ನಾಚಿಕೆ ಇರಬೇಕೆಂದು ನಾನು ನಕ್ಕೆ. “ಎಲ್ಲಾರ ಮುಂದ ಮಾಮಾನ ಮಾನ ಕಳೀತೀಯೇನೋ?” ಎಂದೆ. ನನ್ನ ಮಾನ ಉಳಿಸಲು ಕುಡಿದ. ಆಮೇಲೆ ಹನ್ನೆರಡು ವರ್ಷ ಅವನು ಯಾವ ಗ್ಲಾಸಿಗೂ ‘ಒಲ್ಲೆ’ ಅನ್ನಲಿಲ್ಲ. ಶಾಲೆ ಹೋಯಿತು, ನೌಕರಿ ಹೋಯಿತು. ಅಕ್ಕನಿಗೆ ಎಲ್ಲವೂ ಗೊತ್ತಿತ್ತು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ‘ಒಲ್ಲೆ’ ಎಂದವರ ಮುಂದಿನಿಂದ ಬುಟ್ಟಿ ಎತ್ತಲು ಶುರುಮಾಡಿದಳು, ಅಷ್ಟೇ.

ಈ ದೀಪಾವಳಿಗೆ ಅಕ್ಕನ ಆ ಮಗ ಊಟಕ್ಕೆ ಕುಳಿತಿದ್ದ. ಕುಡಿತ ಬಿಡಿಸುವ ದವಾಖಾನೆಯಿಂದ ಬಂದು ಎಂಟು ತಿಂಗಳು, ಒಂದು ಹನಿ ಮುಟ್ಟಿರಲಿಲ್ಲ. ಅಕ್ಕ ಬುಟ್ಟಿಯನ್ನು ನನ್ನ ಕೈಗಿಟ್ಟು, “ನೀನ ಬಡಸು” ಎಂದಳು.

ಹೋಳಿಗೆ ಹಿಡಿದು ಬಾಗಿದೆ.

“ಒಲ್ಲೆ ಮಾಮಾ.”

ಮಾತು ಅದೇ, ಧ್ವನಿ ಮಾತ್ರ ಒಡೆದಿತ್ತು. ನನ್ನ ಕೈ ತಾನಾಗಿಯೇ ಹಿಂದೆ ಬಂತು. ಮುಂದಿನ ತಾಟಿಗೆ ಹೆಜ್ಜೆ ಇಟ್ಟೆ.

“ಮಾಮಾ, ಎಲ್ಲಿ ಹೊಂಟ್ರಿ? ಸುಮ್ನ ಅಂದ್ನಿರಿ!”

ಅಕ್ಕನ ಕಡೆ ನೋಡಿದೆ. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, “ಕೇಳಿ ಹಾಕು” ಎಂದಳು.

“ಹಾಕಲೇನಪಾ?” ಎಂದು ಕೇಳಿದೆ.

“ಹಾಕ್ರಿ ಮಾಮಾ. ಎರಡ ಹಾಕ್ರಿ.”