ಚಿನ್ನು ಮುಂಗುಸಿಯನ್ನು ತಾಯಿಯ ಬಳಿ ಸೇರಿಸಿದ ಪ್ರಸಂಗ

ಮನುಷ್ಯನಿಗೆ ಯಾವುದರ ಮೇಲಾದರೂ ನಂಬಿಕೆ ಇರಬೇಕಂತೆ. ಕೆಲವರಿಗೆ ದೇವರ ಮೇಲಿರುತ್ತದೆ, ಕೆಲವರಿಗೆ ಹೋಮಿಯೋಪತಿಯ ಮೇಲೆ. ನನ್ನ ನಂಬಿಕೆ ಇರುವುದು ಸೀಲಿನ ಮೇಲೆ. ನಮ್ಮ ತಾತ ಗುಂಡ್ಲುಪೇಟೆ ಕಡೆಯಿಂದ ಘಟ್ಟ ಹತ್ತಿ ಬಂದು ಊಟಿಯ ಮಾರ್ಕೆಟ್ಟಿನಲ್ಲಿ ಬೀಜದ ಅಂಗಡಿ ಇಟ್ಟವರು. ‘ಸೀಲು ಇದ್ದರೆ ಮೊಳಕೆ, ಇಲ್ಲದಿದ್ದರೆ ಹೊಳಕೆ’ ಎನ್ನುವುದು ಅವರು ನಮಗೆ ಬಿಟ್ಟುಹೋದ ವೇದವಾಕ್ಯ. ಹೊಳಕೆ ಎಂದರೇನೆಂದು ಅವರು ಹೇಳಲಿಲ್ಲ. ಒಳ್ಳೆಯದಲ್ಲ ಎಂದು ನಾವೇ ತಿಳಿದುಕೊಂಡೆವು. ಕ್ಯಾರೆಟ್ ಬೀಜವಾಗಲಿ, ಕೋಸಿನ ಬೀಜವಾಗಲಿ, ಡಬ್ಬಿಯ ಸೀಲನ್ನು ಬೆಳಕಿಗೆ ಹಿಡಿದು ನೋಡದೆ ನಾನು ಇವತ್ತಿಗೂ ಯಾರಿಗೂ ಕೊಟ್ಟವನಲ್ಲ. ಇಂಥ ಮನುಷ್ಯ ವೀಡಿಯೊ ಗೇಮಿನ ಕ್ಯಾಸೆಟ್ಟು ಕೊಳ್ಳಲು ಹೋದದ್ದೇ ಈ ಕಥೆ.

ತೊಂಬತ್ತರ ದಶಕದ ಕೊನೆಯಲ್ಲಿ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಚಿನ್ನು ಎಂಬ ಮುಂಗುಸಿಯ ಕಥೆ ಬರುತ್ತಿತ್ತು. ತಮಿಳಿನಲ್ಲಿ ಮಾತಾಡುವ, ಕೆಂಪು ಟೋಪಿಯ, ಬಹಳ ಮರ್ಯಾದಸ್ಥ ಮುಂಗುಸಿ. ಕಾಡಿನಲ್ಲಿ ಯಾರು ಜಗಳವಾಡಿದರೂ ಹೋಗಿ, ‘ಕೂತು ಮಾತಾಡೋಣ’ ಎನ್ನುತ್ತಿತ್ತು. ಹಾವಿನ ಜತೆಗೂ ಕೂತು ಮಾತಾಡಿದ್ದನ್ನು ನಾನೇ ನೋಡಿದ್ದೇನೆ. ಅದಕ್ಕೊಬ್ಬಳು ಅಮ್ಮ, ಒಂದು ಆಮೆ ಗೆಳೆಯ, ಕಥೆ ಹೇಳುವ ಒಬ್ಬ ಆನೆ ತಾತ. ನನ್ನ ಎಂಟು ವರ್ಷದ ಮಗಳು ಸುಮಾಗೆ ಚಿನ್ನು ಎಂದರೆ ಪಂಚಪ್ರಾಣ. ಹೀಗಾಗಿ ಕೊಯಮತ್ತೂರಿನ ಅಂಗಡಿಯೊಂದರಲ್ಲಿ ಚಿನ್ನುವಿನ ಹೆಸರಿನದೇ ಗೇಮ್ ಕಂಡಾಗ ನಾನು ನಿಂತೆ. ಪಕ್ಕದಲ್ಲೇ ಒಂದೇ ಕ್ಯಾಸೆಟ್ಟಿನಲ್ಲಿ ನೂರಾರು ಆಟ ತುಂಬಿದ ಕಳ್ಳಮಾಲೂ ಇತ್ತು. ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಚಿನ್ನುವಿನ ಡಬ್ಬಿಯ ಮೇಲೆ ಮಿನುಗುವ ಸೀಲಿತ್ತು, ಸೀಲಿನೊಳಗೆ ಚಿನ್ನುವಿನ ಮುಖವಿತ್ತು. ಬೆಳಕಿಗೆ ಹಿಡಿದು ನೋಡಿದೆ. ಅಸಲಿ.

ಅಸಲಿಯೇ ಹೌದು. ಸೀಲು ಮಾತ್ರ.

ಮೊದಲನೆಯದಾಗಿ ಅದು ನಮ್ಮ ಊಟಿಯ ಚಳಿಗೆ ಏಳುತ್ತಲೇ ಇರಲಿಲ್ಲ. ಕ್ಯಾಸೆಟ್ಟನ್ನು ಊದಿ, ಒರೆಸಿ, ಬೆಂಕಿಪೊಟ್ಟಣವನ್ನೂ ಉಪ್ಪನ್ನೂ ಒಣಗಿಸುವಂತೆ ಇದ್ದಿಲ ಅಗ್ಗಿಷ್ಟಿಕೆಯ ಪಕ್ಕದಲ್ಲಿ ಕಾಯಿಸಿದ ಮೇಲೆ ಚಿನ್ನು ಪರದೆಯ ಮೇಲೆ ದಯಮಾಡಿಸಿದ. ಟೋಪಿ ನೀಲಿಯಾಗಿತ್ತು. ಮಾತಿಲ್ಲ, ಹಾಡಿಲ್ಲ, ಎಗರುವುದೊಂದೇ ಕಸುಬು. ಆಮೆ ಡಬ್ಬಿಯ ಮೇಲಷ್ಟೇ ಇತ್ತು, ಒಳಗೆ ಎಲ್ಲೂ ಸಿಗಲಿಲ್ಲ. ಕಾಡಿರಬೇಕಾದಲ್ಲಿ ಮರಳುಗಾಡು. ಚಿಟ್ಟೆ ಮುಟ್ಟಿದರೆ ಚಿನ್ನು ಸಾಯುತ್ತಿದ್ದ. ಮುಳ್ಳಿನ ಮೇಲೆ ನಿಂತರೆ ಏನೂ ಆಗುತ್ತಿರಲಿಲ್ಲ. ಇಷ್ಟನ್ನೂ ಸುಮಾ ಉದಾರವಾಗಿ ಕ್ಷಮಿಸಿದಳು. ಆದರೆ ಆಟದ ಕೊನೆಯಲ್ಲಿ ಆನೆ ತಾತ ಕೊಂಬು ಬೀಸಿಕೊಂಡು ಬಂದು ಚಿನ್ನುವನ್ನು ತುಳಿದು ಹಾಕಿದಾಗ ಅವಳು ನನ್ನತ್ತ ತಿರುಗಿದಳು.

“ಅಪ್ಪಾ, ತಾತ ಯಾಕಪ್ಪಾ ಹೊಡೀತಾರೆ? ಅವರು ಒಳ್ಳೇವ್ರು ಅಲ್ವಾ?”

ಡಬ್ಬಿಯನ್ನು ಮತ್ತೆ ತಿರುವಿ ನೋಡಿದೆ. ತಾತನನ್ನು ದಾಟಿದರೆ ಚಿನ್ನುವಿನ ಅಮ್ಮ ಸಿಗುತ್ತಾಳೆಂದು ಡಬ್ಬಿಯ ಹಿಂದೆ ಬರೆದಿತ್ತು. ಎಷ್ಟು ಎತ್ತರಕ್ಕೆ ಎಗರಿದರೂ ತಾತ ಬಿಡುತ್ತಿರಲಿಲ್ಲ. ಎಲ್ಲಿಯವರೆಗೆ ಆಡಿದ್ದೇವೆ ಎಂಬ ನೆನಪೂ ಆ ಆಟಕ್ಕಿರಲಿಲ್ಲ. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನಮ್ಮ ಬೀದಿಯ ಕರೆಂಟಿನ ಬಗ್ಗೆ ಹೇಳದಿರುವುದೇ ಲೇಸು. ಶುಕ್ರವಾರ ಮಗು ಊಟ ಬಿಟ್ಟೆದ್ದಿತು. “ಚಿನ್ನುಗೆ ಅಮ್ಮ ಸಿಕ್ಕಿಲ್ಲ, ನಾನು ಹ್ಯಾಗೆ ಅಮ್ಮನ ಕೈಲಿ ತಿನ್ಲಿ?” ಎಂದು ಕಣ್ಣೊರೆಸಿಕೊಂಡಳು. ಎದ್ದು ನಿಂತು, ಸಂಧ್ಯಾವಂದನೆಯ ಗಾಂಭೀರ್ಯದಲ್ಲಿ ಪ್ರತಿಜ್ಞೆ ಮಾಡಿದೆ: “ಭಾನುವಾರ ಸಂಜೆಯೊಳಗೆ ಚಿನ್ನುವನ್ನು ಅವನ ಅಮ್ಮನ ಹತ್ತಿರ ಸೇರಿಸ್ತೀನಿ.”

“ಮೊದಲು ಆ ಒಲೆಯ ಹೊಗೆ ಕೊಳವೆ ರಿಪೇರಿ ಮಾಡ್ಸಿ, ಆಮೇಲೆ ಮುಂಗುಸಿ ಸಂಸಾರ ಸರಿ ಮಾಡೋರಂತೆ,” ಎಂದಳು ಹೆಂಡತಿ ಗಿರಿಜಾ ಅಡಿಗೆಮನೆಯಿಂದ.

ಇಲ್ಲಿ ನಾನು ಬೋಜಣ್ಣನ ವಿಷಯ ಹೇಳಬೇಕು. ನಮ್ಮ ಬೆಟ್ಟದ ಮಂಜೂರಿನ ಕಡೆಯ ಬಡಗ ಜನಾಂಗದವನು. ತರಕಾರಿ ಸಾಗಿಸುವ ವ್ಯಾನು ಇಟ್ಟಿದ್ದಾನೆ. ಕಾಡಿನ ದಾರಿಯಲ್ಲಿ ಮಸಿನಗುಡಿಗೆ ಬೀಜ ತಲುಪಿಸಲು ನಾನು ಅವನ ಪಕ್ಕದಲ್ಲೇ ಕೂತು ಹೋಗುವುದು. ಆ ದಾರಿಯ ಶಾಸ್ತ್ರವನ್ನು ನನಗೆ ಕಲಿಸಿದವನು ಅವನೇ. ಅಲ್ಲಿ ಆನೆ ಎಂಬ ಮಾತು ಆಡಬಾರದು, ‘ದೊಡ್ಡವರು’ ಎನ್ನಬೇಕು. ದೊಡ್ಡವರು ಎದುರಾದರೆ ಇಂಜಿನ್ ಆರಿಸಬೇಕು, ಹಾರನ್ ಮುಟ್ಟಬಾರದು, ಕೈಯೆರಡನ್ನೂ ತೊಡೆಯ ಮೇಲಿಟ್ಟು ಕಲ್ಲಾಗಬೇಕು. ಅವರ ಪಾಡಿಗೆ ಅವರು ಹೋಗುತ್ತಾರೆ. ಮೊದಲ ಸಲ ನಾನು ಬಾಗಿಲು ತೆಗೆದು ಓಡಲು ಹೊರಟಾಗ ಬೋಜಣ್ಣ ನನ್ನ ಅಂಗಿ ಹಿಡಿದೆಳೆದು, “ಸುಮ್ನಿರಣ್ಣಾ! ಓಡೋರನ್ನ ಕಂಡ್ರೆ ಅವರಿಗೆ ಕೋಪ,” ಎಂದಿದ್ದ. ಅಂದಿನಿಂದ ನಾನು ಆ ವಿದ್ಯೆಯಲ್ಲಿ ಎಷ್ಟು ಪಳಗಿದೆನೆಂದರೆ, ದೂರದಲ್ಲಿ ಬೂದು ಬಣ್ಣದ ಬಂಡೆ ಕಂಡರೂ ಕೈ ತಾನಾಗಿ ತೊಡೆಯ ಮೇಲೆ ಬಂದು ಕೂರುತ್ತಿತ್ತು.

ಭಾನುವಾರ ಸಂಜೆ ಬೋಜಣ್ಣ ಬೀನ್ಸ್ ಕೊಡಲು ಬಂದವನು ಟೀ ಕುಡಿಯುತ್ತ ಕೂತಿದ್ದ. ಸುಮಾ ಚಿನ್ನುವನ್ನು ಮರಳುಗಾಡೆಲ್ಲ ದಾಟಿಸಿ ತಂದಿದ್ದಳು. ಅಷ್ಟು ದೂರ ನಾನೆಂದೂ ಹೋದವನಲ್ಲ. ನನ್ನ ಚಿನ್ನು ಮೊದಲನೇ ಹಳ್ಳದಲ್ಲೇ ಬೀಳುವವನು. ಕೊನೆಯ ಘಟ್ಟ ಬಂದಿತು. “ತಾತ ಹೊಡಿಯೋದು ನಂಗೆ ನೋಡಕ್ಕಾಗಲ್ಲ. ನೀನೇ ಮಾತು ಕೊಟ್ಟಿದ್ದಲ್ಲ, ನೀನೇ ಆಡು,” ಎಂದು ಗುಂಡಿಗಳ ಪೆಟ್ಟಿಗೆಯನ್ನು ನನ್ನ ಕೈಗೆ ತುರುಕಿ ಅವಳು ಸೋಫಾದ ಹಿಂದೆ ಅವಿತಳು. ದೀಪ ಎರಡು ಸಲ ಮಿಣುಕಿತು. ನಾನು ಉಸಿರು ಬಿಗಿಹಿಡಿದು ಎಗರುವ ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ. ಪರದೆಯ ಅಂಚಿನಿಂದ ಕೊಂಬು ಬಂತು, ಸೊಂಡಿಲು ಬಂತು.

“ಅಯ್ಯೋ, ದೊಡ್ಡವರು!” ಎಂದ ಬೋಜಣ್ಣ, ಟೀ ಲೋಟ ಕೆಳಗಿಟ್ಟು.

ಅಷ್ಟೇ. ನನ್ನ ಕೈಯೆರಡೂ ತೊಡೆಯ ಮೇಲೆ ಬಂದು ಕೂತವು. ಪೆಟ್ಟಿಗೆ ಜಾರಿ ಚಾಪೆಯ ಮೇಲೆ ಬಿತ್ತು. ಬೋಜಣ್ಣನೂ ಕಲ್ಲು, ನಾನೂ ಕಲ್ಲು, ಚಿನ್ನುವೂ ಕಲ್ಲು. ಆನೆ ತಾತ ಧಡಧಡನೆ ಬಂದು, ಚಿನ್ನುವಿನ ಮೈಯೊಳಗಿಂದಲೇ ಹೊಗೆಯಂತೆ ಹಾದು, ಆಚೆ ಕಡೆಯಿಂದ ಹೊರಟುಹೋದ. ಕದಲದೆ ನಿಂತವನನ್ನು ತುಳಿಯುವುದು ಹೇಗೆಂದು ತಾತನಿಗೆ ಹೇಳಿಕೊಡಲು ಆಟ ಮಾಡಿದ ಪುಣ್ಯಾತ್ಮ ಮರೆತಿದ್ದ.

“ನೋಡಿದ್ಯಾ, ಅವರ ಪಾಡಿಗೆ ಅವರು ಹೋದ್ರು,” ಎಂದ ಬೋಜಣ್ಣ, ಲೋಟ ಮತ್ತೆ ಎತ್ತಿಕೊಳ್ಳುತ್ತ. ಅವನಿಗೆ ಇದರಲ್ಲಿ ಯಾವ ಆಶ್ಚರ್ಯವೂ ಕಂಡಂತಿರಲಿಲ್ಲ.

ಪರದೆಯ ಮೇಲೆ ಅಮ್ಮ ಪ್ರತ್ಯಕ್ಷಳಾದಳು. ಇಲ್ಲೂ ಆಟ ಮಾಡಿದ ಮಹಾನುಭಾವರ ಜಿಪುಣತನ ನೋಡಿ: ಚಿನ್ನುವಿನ ಚಿತ್ರವನ್ನೇ ಎರಡನೇ ಸಲ ಹಾಕಿ, ನೀಲಿ ಟೋಪಿ ತೆಗೆದು, ಹಣೆಗೊಂದು ಕೆಂಪು ಚುಕ್ಕೆ ಇಟ್ಟಿದ್ದರು. ನನಗೆ ಮೈ ಉರಿಯಿತು. ಸುಮಾ ಸೋಫಾದ ಹಿಂದಿನಿಂದ ಇಣುಕಿದಳು.

“ಅಪ್ಪಾ! ಅಮ್ಮ ಥೇಟ್ ಚಿನ್ನು ಥರಾನೇ ಇದಾಳೆ!” ಎಂದು ಚಪ್ಪಾಳೆ ತಟ್ಟಿ ಕುಣಿದಳು. “ತಾತನೂ ಹೊಡೀಲಿಲ್ಲ! ಅವರು ಒಳ್ಳೇವ್ರೇ! ಸುಮ್ನೆ ಆಟ ಆಡ್ಸಿದ್ರು!” ಆ ರಾತ್ರಿ ಅವಳು ಗಿರಿಜಾಳ ಕೈಯಿಂದಲೇ ಮೂರು ತುತ್ತು ಹೆಚ್ಚಿಗೆ ತಿಂದಳು. ಸೀಲಿನ ವಿರುದ್ಧ ನಾನು ಮನಸ್ಸಿನಲ್ಲೇ ಹೂಡಿದ್ದ ಮೊಕದ್ದಮೆ ಅಲ್ಲಿಗೆ ವಜಾ ಆಯಿತು.

ಸುದ್ದಿ ಬೀದಿಗೆಲ್ಲ ಹಬ್ಬಿತು. ಮಕ್ಕಳು ಆಟಕ್ಕೆ ಬರತೊಡಗಿದರು. ಆದರೆ ಗುಂಡಿ ಕೈಯಲ್ಲಿದ್ದೂ ಒತ್ತದೆ ಇರುವುದು ಮಕ್ಕಳಿಂದಾಗುವ ಕೆಲಸವಲ್ಲ. ತಾತ ಬರುತ್ತಲೇ ಬೆರಳು ತುಡಿದು ಚಿನ್ನು ಎಗರುತ್ತಿದ್ದ, ಸಾಯುತ್ತಿದ್ದ. ಆಗ ಅಂಗಡಿಗೇ ಕರೆ ಬರುತ್ತಿತ್ತು: “ಅಂಕಲ್, ಸ್ವಲ್ಪ ಬಂದು ಏನೂ ಮಾಡ್ದೆ ಕೂತ್ಕೊಳ್ತೀರಾ?” ಇಂಥ ಮನ್ನಣೆ ಎಷ್ಟು ಜನರಿಗೆ ಸಿಗುತ್ತದೆ?

“ಅದಕ್ಕೆ ಅವರೇ ಸರಿ,” ಎಂದು ಗಿರಿಜಾ ಮಕ್ಕಳೆದುರೇ ಹೇಳಿದಳು. “ಹಾಲು ಉಕ್ಕಿ ಹರೀತಿದ್ರೂ ಹಾಗೇ ಕೂತಿರ್ತಾರೆ. ಮದುವೆಯಾದಾಗಿಂದ ಅಭ್ಯಾಸ.”

ಅದಾದ ಕೆಲವು ದಿನಕ್ಕೆ, ಇನ್ನೂ ರಿಪೇರಿಯಾಗದ ಒಲೆ ಕೊಳವೆಯ ಹೊಗೆ ಮನೆಯೆಲ್ಲ ತುಂಬಿ, ಗಿರಿಜಾ ಸೌಟು ಹಿಡಿದು ನೇರವಾಗಿ ನನ್ನತ್ತ ಬಂದಳು. ನಾನು ಶಾಸ್ತ್ರ ತಪ್ಪಲಿಲ್ಲ. ಕೈಯೆರಡನ್ನೂ ತೊಡೆಯ ಮೇಲಿಟ್ಟು ಕಲ್ಲಾದೆ, ಅವಳ ಪಾಡಿಗೆ ಅವಳು ಹಾದುಹೋಗಲೆಂದು ಕಾದೆ. ಆದರೆ ಏನು ಮಾಡೋಣ, ಕದಲದವನನ್ನು ಹಾಗೇ ಬಿಟ್ಟುಹೋಗುವ ಆ ಆಟದ ಕೊರತೆ ನಮ್ಮ ಮನೆಯವಳಲ್ಲಿಲ್ಲ.